ಸರ್ಕಾರದ ತಾಟಿನಲ್ಲಿ ಅಪ್ಪನ ಊಟ

ಖರಾಡಿ, ಪುಣೆ
9 ಜೂನ್ 2025

ಅವ್ವಾ,

ಅಪ್ಪ ನೆಟ್ಟಗೆ ಬಂದು ಮುಟ್ಟಿದ್ದಾನೆ. ಫೋನಿನಲ್ಲಿ ಕೂಗಿದರೆ ನಿನ್ನ ಕಿವಿಗೆ ಬೀಳುವುದಿಲ್ಲ, ನಿಮ್ಮ ಓಣಿಗೆಲ್ಲ ಬೀಳುತ್ತದೆ. ಅದಕ್ಕೇ ಮೊದಲಿನ ಹಾಗೆ ಕಾಗದವೇ ವಾಸಿ.

ಅಪ್ಪನಿಗೆ ಕೆಲಸವೂ ಸಿಕ್ಕಿತು. ನಮ್ಮ ಖಾನಾವಳಿಯಿಂದ ಹತ್ತು ನಿಮಿಷ ನಡೆದರೆ ಹನ್ನೆರಡು ಮಾಳಿಗೆಯ ಕಟ್ಟಡವೊಂದು ಏಳುತ್ತಿದೆ, ಅಲ್ಲಿ ಹಗಲು ವಾಚಮನ್. ಇರಲಿಕ್ಕೆ ಅಲ್ಲೇ ತಗಡಿನ ಶೆಡ್ಡು ಕೊಟ್ಟಿದ್ದಾರೆ. ಖಾನಾವಳಿ ಹಿಂದಿನ ನಮ್ಮ ಖೋಲಿಯಲ್ಲೇ ಇರು ಎಂದು ನಿನ್ನ ಅಳಿಯ ಎಷ್ಟು ಹೇಳಿದರೂ ಕೇಳಲಿಲ್ಲ. "ದೇವಾನಂದಪ್ಪ, ನಿಮ್ಮ ಮನಸ್ಸು ದೊಡ್ಡದರಿ, ಆದ್ರ ಮಗಳ ಮನ್ಯಾಗ ಬಿಡಾರ ಹೂಡೂ ವ್ಯಾಳ್ಯಾ ನನಗಿನ್ನೂ ಬಂದಿಲ್ಲ" ಎಂದುಬಿಟ್ಟ.

ನಮ್ಮ ಧಂದೆಯ ಸಂಗತಿ ನಿನಗೆ ಗೊತ್ತೇ ಇದೆ. ಗ್ಯಾಸು, ಎಣ್ಣೆ, ಬೇಳೆ, ಜೋಳ, ಒಂದಾದ ಮೇಲೆ ಒಂದು ಏರಿದವು. ತಿಂಗಳ ಊಟದ ಗಿರಾಕಿಗಳು ಮೂವತ್ತೆಂಟು ಇದ್ದವರು ಹದಿನೇಳಕ್ಕೆ ಇಳಿದರು. ರೇಟು ಏರಿಸಿದರೆ ಅವರು ಹೋಗುತ್ತಾರೆ, ಏರಿಸದಿದ್ದರೆ ನಾವು ಹೋಗುತ್ತೇವೆ ಎನ್ನುವ ಹಾಗಾಗಿತ್ತು. ಈಗ ಒಂದು ದಾರಿ ಸಿಕ್ಕಿದೆ. ಇಲ್ಲಿಯ ಸರ್ಕಾರ ಬಡವರಿಗಾಗಿ ಹತ್ತು ರೂಪಾಯಿ ಊಟದ ಕೇಂದ್ರಗಳನ್ನು ಸಣ್ಣ ಖಾನಾವಳಿಗಳಿಗೆ ಕೊಡುತ್ತಿದೆ. ಉಣ್ಣುವವರು ಹತ್ತು ಕೊಡಬೇಕು, ಉಳಿದದ್ದನ್ನು ಸರ್ಕಾರ ನಮಗೆ ಕೊಡುತ್ತದೆ. ದಿನಕ್ಕೆ ನೂರು ತಾಟು. ಅರ್ಜಿ ಹಾಕಿ ನಾಲ್ಕು ತಿಂಗಳು ಅಲೆದಾಡಿದ ಮೇಲೆ ನಮಗೂ ಒಂದು ಕೇಂದ್ರ ಸಿಕ್ಕಿತು. ಬರುವ ಸೋಮವಾರದಿಂದ ಶುರು. ಇದೂ ಕೈಕೊಟ್ಟರೆ ದೀಪಾವಳಿ ಹೊತ್ತಿಗೆ ಬಾಗಿಲು ಹಾಕಬೇಕು ಅವ್ವಾ, ಅದನ್ನೂ ಹೇಳಿಬಿಡುತ್ತೇನೆ.

ಅಪ್ಪನ ಊಟದ ವ್ಯವಸ್ಥೆ ಆಗುತ್ತದೆ. ನೀನು ಚಿಂತೆ ಮಾಡಬೇಡ.

ಭಾಗ್ಯಾ


ಹಿರೇಬಾವಿ, ಆಳಂದ ತಾಲ್ಲೂಕು
20 ಜೂನ್ 2025

ಮಗಳ ಭಾಗ್ಯಾಗ ನಿಮ್ಮವ್ವ ಶರಣಮ್ಮ ಬರಿಯೂದು.

ನಾ ಮಾತಾಡಿದಂಗ ಬರೀತೀನಿ, ನಿನ್ನಂಗ ಪುಸ್ತಕದ ಕನ್ನಡ ನನಗ ಬರಂಗಿಲ್ಲ. ರಾತ್ರಿ ಸಾಲ್ಯಾಗ ಕಲಿತದ್ದು ಇಷ್ಟಽ.

"ವ್ಯವಸ್ಥೆ ಆಗುತ್ತದೆ" ಅಂತ ಬರದೀದಿ. ಏನ್ ವ್ಯವಸ್ಥೆ? ಎಲ್ಲಿ ಉಣ್ತಾನ, ಯಾರ ಕೈಲೆ ಉಣ್ತಾನ, ಅದನ್ನ ಬರಿ. ನಿನ್ನ ಮನ್ಯಾಗ ಉಣ್ಣಂಗಿಲ್ಲ ಅಂತ ನನಗ ಗೊತ್ತದ. ಮೊಮ್ಮಕ್ಕಳ ಮಾರಿ ನೋಡೂತನಕ ಮಗಳ ಮನ್ಯಾಗ ತುತ್ತು ಎತ್ತಬಾರದು, ಅದು ನಮ್ಮ ಹಿರ್ಯಾರು ಮಾಡಿದ್ದು. ನಿಮ್ಮಪ್ಪ ಅದನ್ನ ಮೀರಂಗಿಲ್ಲ, ನೀನೂ ಬಲವಂತ ಮಾಡಬ್ಯಾಡ.

ಅಂವ ಈ ವಯಸ್ಸಿನ್ಯಾಗ ಪುಣೆಕ್ಕ ಯಾಕ ಬಂದಾನ ಗೊತ್ತೇನು? ಸರ್ಕಾರದ ಎರಡು ಸಾವಿರ ತಿಂಗಳಾ ನನ್ನ ಹೆಸರಿಗೆ ಬೀಳತದಲ್ಲ, ಅದರಾಗ ಮನಿ ನಡೀಲಾಕತ್ತಿತ್ತು. "ಹೆಂಡ್ತಿ ರೊಕ್ಕದಾಗ ಚಹಾ ಕುಡೀಲಾಕತ್ತಾನ" ಅಂತ ಓಣ್ಯಾಗ ಯಾರೋ ಅಂದ್ರಂತ. ತಗೋ, ಮರುದಿನಾನೇ ಗಂಟು ಕಟ್ಟಿದ. ಗಂಡಸರ ಸಿಟ್ಟು ಹಿಂಗೇ, ನಮ್ಮ ಮ್ಯಾಲ ಬರತದ.

ಶ್ರಾವಣದಾಗ ಗಂಡ ಹೆಂಡ್ತಿ ಜೇಜುರಿ ದೇವ್ರಿಗೆ ಹೋಗಿ ಕೂಸು ಬೇಡಿಕೊಂಡು ಬರ್ರಿ. ಮದುವ್ಯಾಗಿ ಏಳು ವರ್ಷ ಆತು. ನಾನೂ ಬರ್ತಿದ್ದೆ. ನಮ್ಮ ಬಸ್ಸಿನ್ಯಾಗ ಗಡಿ ತನಕ ಹೆಣ್ಣಮಕ್ಕಳಿಗೆ ಪುಕ್ಕಟೆ, ಗಡಿ ದಾಟಿದ ಮ್ಯಾಲ ಮೊಣಕಾಲು ನೋವು ಶುರು ಆಗತದ.

ಅವ್ವ


ಖರಾಡಿ, ಪುಣೆ
3 ಆಗಸ್ಟ್ 2025

ಅವ್ವಾ,

ತಡವಾಯಿತು, ಬೈಯಬೇಡ. ಕೇಂದ್ರ ಶುರುವಾದ ಮೇಲೆ ಬೆನ್ನು ನೆಲಕ್ಕೆ ಹಚ್ಚಲು ಪುರಸತ್ತಿಲ್ಲ. ಹನ್ನೊಂದೂವರೆಗೆ ಬಾಗಿಲು ತೆಗೆಯುವುದರೊಳಗೆ ಐವತ್ತು ಜನ ಸಾಲಿನಲ್ಲಿ ನಿಂತಿರುತ್ತಾರೆ. ಗಾರೆ ಕೆಲಸದವರು, ಆಫೀಸುಗಳಲ್ಲಿ ಕಸ ಗುಡಿಸುವ ಬಾಯಂದಿರು, ಒಮ್ಮೊಮ್ಮೆ ಟೈ ಕಟ್ಟಿದ ಹುಡುಗರೂ ಬರುತ್ತಾರೆ. ಎರಡು ಚಪಾತಿ, ಒಂದು ವಾಟಿ ಪಲ್ಯ, ಒಂದು ವಾಟಿ ಬೇಳೆ, ಒಂದು ಮುಟಗಿ ಅನ್ನ. ಒಬ್ಬರಿಗೆ ಒಂದೇ ತಾಟು. ಕೊಡುವಾಗ ಮೊಬೈಲಿನಲ್ಲಿ ಹೆಸರು ತುಂಬಿ, ತಾಟೂ ಮುಖವೂ ಕಾಣುವ ಹಾಗೆ ಫೋಟೋ ಹೊಡೆಯಬೇಕು. ಫೋಟೋ ಇಲ್ಲದ ತಾಟಿಗೆ ಸರ್ಕಾರ ಹಣ ಕೊಡುವುದಿಲ್ಲ. ಅಂತೂ ಖೋಲಿಯ ಬಾಡಿಗೆ ಈ ತಿಂಗಳು ಹೊತ್ತಿಗೆ ಸರಿಯಾಗಿ ಹೋಯಿತು.

ಅಪ್ಪ ಇಲ್ಲೇ ಹತ್ತಿರ ಒಂದು ಕಡೆ ಉಣ್ಣುತ್ತಾನೆ. ಬಿಸಿ ಊಟ, ಸ್ವಚ್ಛ ಇದೆ, ಅಡುಗೆಯವಳು ನಮ್ಮ ಕಡೆಯವಳೇ. ಹೊಟ್ಟೆ ತುಂಬಿತೇ ಎಂದು ದಿನಾ ಕೇಳುತ್ತೇನೆ. "ತುಂಬಿತವ್ವ" ಎನ್ನುತ್ತಾನೆ.

ಜೇಜುರಿಗೆ ಹೋಗಿ ಭಂಡಾರ ಹಚ್ಚಿಕೊಂಡು ಬಂದೆವು. ಅದರ ಮುಂದಿನದನ್ನು ಕೇಳಬೇಡ.

ಭಾಗ್ಯಾ


ಹಿರೇಬಾವಿ
21 ಆಗಸ್ಟ್ 2025

ಭಾಗ್ಯಾ,

ನಿನಗ ಏನಾಗ್ಯಾದ? ತಲಿ ನೆಟ್ಟಗದ ಇಲ್ಲ?

ಮ್ಯಾಲಿನ ಓಣಿ ಸಕ್ಕುಬಾಯಿ ಪುಣೆದಿಂದ ಪಂಚಮಿಗೆ ಬಂದಾಕಿ ಮೊನ್ನೆ ನಮ್ಮ ಕಟ್ಟಿ ಮ್ಯಾಲ ಕುಂತು ಹೇಳಿದಳು. ನಾಲ್ಕು ಮಂದಿ ಮುಂದ ಹೇಳಿದಳು, ಅದೂ ನನಗ ಕೇಳಸೂ ಹಂಗ ಕೂಗಿ ಕೂಗಿ. ನಿಮ್ಮಪ್ಪ ಹತ್ತು ರೂಪಾಯಿ ಕೈಯಾಗ ಹಿಡಕೊಂಡು ಭಿಕಾರ್ಯಾರ ಸಾಲಿನ್ಯಾಗ ನಿಂತಿದ್ದನಂತ. ಎಲ್ಲಿ? ನಿನ್ನ ಖಾನಾವಳಿ ಮುಂದ! ನೀ ಮೊಬೈಲ್ ಹಿಡಿದು ಹೆತ್ತಪ್ಪಂದು ಫೋಟೋ ಹೊಡಕೊಂಡು ತಾಟು ಕೊಟ್ಟಿಯಂತ! ಎವ್ವಾ, ನನಗ ನೆಲ ಬಿರಿದು ಒಳಗ ಹೋಗಬೇಕು ಅನ್ನಿಸ್ತು.

ಅಡಿಗಿಯಾಕಿ ನಮ್ಮ ಕಡೀಯಾಕಿ ಅಂತ ಬರದೀದಿ. ನಾಚಿಕಿ ಬರಲಿಲ್ಲೇನು? ಹತ್ತು ರೂಪಾಯಿ ನಿಮ್ಮಪ್ಪನ ಕಡಿಂದ ಇಸಗೊಳ್ಳೂ ಹಂಗ ಆತೇನು ನಿನ್ನ ಬಾಳ್ವಿ? ಅಳಿಯಂದ್ರು ನೋಡಿಕೋತ ಹ್ಯಾಂಗ ಸುಮ್ಮನಿದ್ರು?

ಉತ್ತರ ಬರಿ. ಖರೇ ಬರಿ.

ಅವ್ವ


ಖರಾಡಿ, ಪುಣೆ
28 ಆಗಸ್ಟ್ 2025

ಅವ್ವಾ,

ಖರೆಯನ್ನೇ ಬರೆಯುತ್ತೇನೆ. ಮುಚ್ಚಿಟ್ಟದ್ದು ನನ್ನ ತಪ್ಪು. ಸಾಲಿನಲ್ಲಿ ನಿಂತದ್ದು ಮಾತ್ರ ಅಪ್ಪನದೇ ಉಪಾಯ.

ಬಂದ ವಾರವೆಲ್ಲ ಅಪ್ಪ ವಡಾಪಾವ್ ತಿಂದು ನೀರು ಕುಡಿದ. ನಾನು ಡಬ್ಬಿ ಕಟ್ಟಿ ಕಳಿಸಿದರೆ ಮುಚ್ಚಳ ತೆಗೆಯದೆ ವಾಪಸು ಕಳಿಸಿದ. ಕೇಂದ್ರ ಶುರುವಾದ ದಿನ ನಾನು ಬಾಗಿಲು ತೆಗೆದೆ, ಸಾಲಿನಲ್ಲಿ ನಾಲ್ಕನೆಯವನು ಅಪ್ಪ! ಟೊಪ್ಪಿಗೆ ಸರಿಮಾಡಿಕೊಂಡು, ನೋಟು ಮಡಚಿ ಹಿಡಿದುಕೊಂಡು, ಮದುವೆ ಮನೆಗೆ ಬಂದವನಂತೆ ನಿಂತಿದ್ದ.

"ಅಪ್ಪಾ, ಏನಿದು?" ಎಂದೆ.

"ಏನಿಲ್ಲ, ಹೆಸರು ಬರಕೋ. ಭೀಮಣ್ಣ."

"ಒಳಗ ಬಾ, ನಾ ನೀಡತೀನಿ."

"ಒಳಗ ಬಂದ್ರ ಮಗಳ ಮನಿ. ಇಲ್ಲಿ ಸರ್ಕಾರದ ಊಟ. ಒಲಿ ನಿಂದು, ಕೈ ನಿಂದು, ಖರೆ. ಆದ್ರ ರೊಕ್ಕ ಸರ್ಕಾರದ್ದು. ಮೂವತ್ತು ವರ್ಷ ಬೀಡಿ ಸೇದಿ ಅದಕ್ಕ ತೆರಿಗಿ ಕಟ್ಟೀನಿ ನಾ. ಹೊಡಿ ಫೋಟೋ."

ಹಿಂದಿನವರು ತಡವಾಗುತ್ತದೆ ಎಂದು ಗದ್ದಲ ಮಾಡಿದರು. ನಾನು ಫೋಟೋ ಹೊಡೆದೆ. ಅಪ್ಪ ಗೋಡೆಯ ಕಡೆಗೆ ಕುಳಿತು ಒಂದಗುಳೂ ಬಿಡದೆ ಉಂಡು, ತಾಟನ್ನು ತಾನೇ ಬಚ್ಚಲಿಗೆ ಇಟ್ಟು, "ಬ್ಯಾಳಿ ಚಲೋ ಆಗ್ಯಾದ" ಎಂದು ಹೇಳಿ ಹೋದ.

ಅವ್ವಾ, ಏಳು ವರ್ಷದಲ್ಲಿ ಅಪ್ಪ ನನ್ನ ಕೈ ಅಡುಗೆ ಉಂಡದ್ದು ಅದೇ ಮೊದಲು. ನಾನು ಒಳಗೆ ಹೋಗಿ ಹಿಟ್ಟಿನ ಡಬ್ಬಿ ಹಿಡಿದುಕೊಂಡು ಅತ್ತೆ. ದುಃಖಕ್ಕಲ್ಲ. ಪ್ರತಿ ಸಲ ಅಪ್ಪ ನಮ್ಮ ಮನೆಗೆ ಬಂದು ಬರೀ ನೀರು ಕುಡಿದು ಎದ್ದಾಗ, ನಿನಗೆ ಮಕ್ಕಳಿಲ್ಲ, ಮಕ್ಕಳಿಲ್ಲ ಎಂದು ಯಾರೋ ಮುಖದ ಮೇಲೆ ಹೇಳಿದ ಹಾಗೆ ಆಗುತ್ತಿತ್ತು. ಈಗ ದಿನಾ ಹನ್ನೊಂದೂವರೆಗೆ ಅಪ್ಪ ಉಣ್ಣುವುದನ್ನು ನೋಡುತ್ತೇನೆ. ನಿನಗೆ ಹೇಳಿದರೆ ನೀನು ಇದನ್ನೂ ತಪ್ಪಿಸುತ್ತೀ ಎಂದು ಹೆದರಿದ್ದೆ. ಅದಕ್ಕೇ ಬರೆಯಲಿಲ್ಲ.

ಇನ್ನು ಸಕ್ಕುಬಾಯಿಗೆ ಹೇಳು, ಆ ಸಾಲಿನಲ್ಲಿ ಭಿಕಾರಿಗಳು ಯಾರೂ ಇಲ್ಲ. ಎಲ್ಲರೂ ದುಡಿದು ಬಂದವರೇ. ಅವಳ ಗಂಡನೂ ಎರಡು ಸಲ ಬಂದಿದ್ದ.

ಭಾಗ್ಯಾ


ಹಿರೇಬಾವಿ
9 ಸೆಪ್ಟೆಂಬರ್ 2025

ಭಾಗ್ಯಾ,

ಓದಿದೆ. ಎರಡು ಸಲ ಓದಿದೆ.

ಆತು, ಸರ್ಕಾರದ ಊಟ ಅಂದ ಮ್ಯಾಲ ಅದು ಮಗಳ ಮನಿ ಊಟ ಅಲ್ಲ. ನಿಮ್ಮಪ್ಪನ ತಲಿಗೆ ಇಷ್ಟು ಹೊಳೀತದ ಅಂತ ನನಗ ಗೊತ್ತಿರಲಿಲ್ಲ. ಸಕ್ಕುಬಾಯಿಗೆ ಆಕಿ ಗಂಡನ ಸುದ್ದಿ ಹೇಳಿದೆ, ಈಗ ನಮ್ಮ ಕಟ್ಟಿ ಕಡೆ ಬರವಲ್ಲಳು.

ಎರಡು ಚಪಾತಿ ಅಂವಗ ಎಲ್ಲಿಗೆ ಸಾಲ್ತಾವ? ಇಲ್ಲಿ ನಾಲ್ಕು ರೊಟ್ಟಿ ತಿಂದು ಮ್ಯಾಲ ಅನ್ನ ಉಣ್ಣೂ ಮನಷ್ಯಾ. ಫೋಟೋ ಆದ ಮ್ಯಾಲ ಇನ್ನೊಂದೆರಡು ಸರಿಸು.

ಅವ್ವ


ಖರಾಡಿ, ಪುಣೆ
17 ಸೆಪ್ಟೆಂಬರ್ 2025

ಅವ್ವಾ,

ಸರಿಸಿ ನೋಡಿದೆ. ಅಪ್ಪ ಕೈ ಅಡ್ಡ ಹಿಡಿದ. "ಸರ್ಕಾರ ಕೊಟ್ಟದ್ದಕ್ಕಿಂತ ಒಂದು ತುತ್ತು ಹೆಚ್ಚಾದ್ರೂ ಅದು ನಿನ್ನ ಮನೀದು ಆಗತದ" ಎಂದ. ವಯಸ್ಸಾಯಿತು, ಇಷ್ಟೇ ಸಾಕಾಗುತ್ತದೆ ಎನ್ನುತ್ತಾನೆ. ನೀನು ಸುಮ್ಮನೆ ಕೊರಗಬೇಡ.

ಭಾಗ್ಯಾ


ಹಿರೇಬಾವಿ
24 ಅಕ್ಟೋಬರ್ 2025

ಭಾಗ್ಯಾ,

ದೀಪಾವಳಿ ಆತು, ನಿನ್ನ ಕಾಗದ ಇಲ್ಲ. ತಿಂಗಳ ಮ್ಯಾಲಾತು.

ನನಗ ಒಂದು ಸಂಶೇ ಬಂದದ. ಮೂರು ತಿಂಗಳ ತುಂಬೂತನಕ ಬಾಯಿ ಬಿಡಬಾರದು ಅಂತ ಸುಮ್ಮನಿದ್ದಿದ್ರ ಸುಮ್ಮನಿರು, ನಾ ಕೇಳಂಗಿಲ್ಲ. ಭಾರ ಎತ್ತಬ್ಯಾಡ. ದೊಡ್ಡ ಬೋಗಾಣಿ ಅಳಿಯಂದ್ರ ಕಡಿಂದ ಇಳಿಸ್ಕೋ. ಜೇಜುರಿ ದೇವ್ರು ದೊಡ್ಡವ.

ಅವ್ವ


ಖರಾಡಿ, ಪುಣೆ
8 ನವೆಂಬರ್ 2025

ಅವ್ವಾ,

ನೀನು ತಿಳಿದುಕೊಂಡದ್ದು ಅಲ್ಲ. ಹಾಗೇನೂ ಇಲ್ಲ ಅವ್ವಾ. ಬರೆಯದೆ ಇದ್ದದ್ದು ಬೇರೆ ಕಾರಣಕ್ಕೆ.

ಅಕ್ಟೋಬರ್ ಮೊದಲ ವಾರ ಕೇಂದ್ರಕ್ಕೆ ನೋಟೀಸು ಬಂತು. ಯಾರೋ ದೂರು ಕೊಟ್ಟಿದ್ದರು, ಕೇಂದ್ರ ನಡೆಸುವವಳು ತನ್ನ ಅಪ್ಪನ ಫೋಟೋ ದಿನಾ ಹಾಕುತ್ತಾಳೆ ಎಂದು. ಕೆಲವು ಕಡೆ ನಡೆಸುವವರು ಮನೆಮಂದಿಯನ್ನೆಲ್ಲ ನಿಲ್ಲಿಸಿ ಫೋಟೋ ಹೊಡೆದು ಸುಳ್ಳು ತಾಟು ತೋರಿಸಿದ್ದರಂತೆ. ಅದಕ್ಕೆ ನಿಯಮ ಇದೆ: ನಡೆಸುವವರ ರಕ್ತಸಂಬಂಧಿಗಳು ಈ ಊಟ ಉಣ್ಣುವಂತಿಲ್ಲ. ಉಂಡರೆ ಕೇಂದ್ರ ರದ್ದು. ಕರಾರಿನಲ್ಲೇ ಬರೆದಿತ್ತು. ಎಂಟು ಪುಟದ ಮರಾಠಿ, ನಾನು ಸಹಿ ಮಾಡುವ ಪುಟವನ್ನಷ್ಟೇ ನೋಡಿದ್ದೆ.

ಅಪ್ಪನನ್ನೂ ಕರೆದುಕೊಂಡು ಬರಲು ಹೇಳಿದ್ದರು. ಶಿವಾಜಿನಗರದ ಆಫೀಸಿಗೆ ಬಸ್ಸಿನಲ್ಲಿ ಹೋದೆವು. ಅಪ್ಪ ಒಗೆದ ಧೋತರ ಉಟ್ಟಿದ್ದ. ದಾರಿಯಲ್ಲಿ ನಾನು, "ಅಪ್ಪಾ, ನೀ ಸುಮ್ಮನಿರು, ಇದ್ದದ್ದು ಇದ್ದಂಗ ನಾ ಹೇಳತೀನಿ" ಎಂದೆ. "ಇದ್ದದ್ದು ಹೇಳಿದ್ರ ಏನಾಗತದ?" ಎಂದು ಕೇಳಿದ. "ಕೇಂದ್ರ ಹೋಗತದ" ಎಂದೆ. "ಆಮ್ಯಾಲ?" "ಖಾನಾವಳಿನೂ ಹೋಗತದ."

ಹರ್ಷದಾ ಎಂಬ ಅಧಿಕಾರಿ. ಕೆಟ್ಟ ಹೆಂಗಸಲ್ಲ, ಅಪ್ಪನಿಗೆ ಕುರ್ಚಿ ಹಾಕಿಸಿದರು, ಚಹಾ ಕೊಡಿಸಿದರು. ಕಂಪ್ಯೂಟರ್ ತಿರುಗಿಸಿ ಫೋಟೋಗಳನ್ನು ತೋರಿಸಿದರು. ಬರೀ ಅಪ್ಪ. ಟೊಪ್ಪಿಗೆ, ತಾಟು, ಅಪ್ಪ. ಒಂದರಲ್ಲೂ ನಕ್ಕಿರಲಿಲ್ಲ, ಒಂದರಲ್ಲೂ ಕಣ್ಣು ಕೆಳಗೆ ಹಾಕಿರಲಿಲ್ಲ. ನನ್ನ ಆಧಾರ್, ರೇಷನ್ ಕಾರ್ಡು ಎಲ್ಲ ನೋಡಿದರು. ಅವುಗಳಲ್ಲಿ ಮದುವೆಯಾದ ಮೇಲೆ ಗಂಡನ ಹೆಸರೇ ಇದೆ, ಅಪ್ಪನ ಹೆಸರು ಎಲ್ಲೂ ಇಲ್ಲ. ಆಮೇಲೆ ಅಪ್ಪನ ಕಡೆಗೆ ತಿರುಗಿ, "ಬಾಬಾ, ಹೀ ತುಮಚೀ ಕೋಣ?" ಎಂದು ಕೇಳಿದರು. ಇವಳು ನಿಮಗೆ ಏನಾಗಬೇಕು ಎಂದು.

ನಾನು ಹೇಳಬೇಕೆಂದು ಬಾಯಿ ತೆಗೆದೆ. ಅಷ್ಟರಲ್ಲಿ ಅಪ್ಪ ಹೇಳಿಬಿಟ್ಟ. "ಕೋಣೀ ನಾಹೀ, ಮ್ಯಾಡಮ್." ಯಾರೂ ಅಲ್ಲ.

"ಪರಿಚಯ?" ಎಂದು ಕೇಳಿದರು. ಅಡುಗೆ ಚಲೋ ಮಾಡುತ್ತಾಳೆ, ಅಷ್ಟೇ ಗೊತ್ತು ಎಂದು ಅಪ್ಪ ಮರಾಠಿಯಲ್ಲಿ ಹೇಳಿದ.

ಅವರು ಬಹಳ ಹೊತ್ತು ಇಬ್ಬರ ಮುಖವನ್ನೂ ನೋಡಿದರು. ಗೊತ್ತಾಯಿತೋ ಏನೋ. ಒಂದು ಹೇಳಿಕೆ ಬರೆಸಿದರು: ಈ ಕೇಂದ್ರ ನಡೆಸುವವರಿಗೂ ನನಗೂ ಯಾವ ಸಂಬಂಧವೂ ಇಲ್ಲ. ಅಪ್ಪ ಓದಿಸಿ ಕೇಳಿ, ಪೆನ್ನು ತೆಗೆದುಕೊಂಡು ಕನ್ನಡದಲ್ಲಿ ದೊಡ್ಡದಾಗಿ ಭೀಮಣ್ಣ ಎಂದು ಸಹಿ ಮಾಡಿದ. ಅಲ್ಲ ಮೇಡಂ, ಇವನು ನನ್ನ ಅಪ್ಪ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನೂರು ತಾಟು ನೆನಪಾದವು, ಬಾಡಿಗೆ ನೆನಪಾಯಿತು, ಸುಮ್ಮನಾದೆ. ಕೇಂದ್ರ ಉಳಿಯಿತು ಅವ್ವಾ. ಉಳಿಸಿಕೊಂಡದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಗಿದೆ.

ಬರುವಾಗ ಅಪ್ಪ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತ. ಆ ಮರುದಿನದಿಂದ ಸಾಲಿಗೆ ಬರುವುದಿಲ್ಲ. ಮತ್ತೆ ವಡಾಪಾವ್. ನಿನ್ನ ಅಳಿಯ ಡಬ್ಬಿ ತೆಗೆದುಕೊಂಡು ಹೋದರೆ, "ಯಾರೂ ಅಲ್ಲ ಅಂತ ಬರದು ಕೊಟ್ಟೀನಿ, ಇನ್ನ ಯಾವ ಮಾರಿ ಇಟ್ಟುಕೊಂಡು ಆಕಿ ಕೈ ಅನ್ನ ತಿನ್ನಲ್ರೀ" ಎಂದನಂತೆ. ಒಂದು ತಿಂಗಳಾಯಿತು. ಬಹಳ ಸೊರಗಿದ್ದಾನೆ. ಇದನ್ನು ನಿನಗೆ ಹೇಗೆ ಬರೆಯಬೇಕೋ ತಿಳಿಯದೆ ದಿನ ತಳ್ಳಿದೆ.

ಅಪ್ಪನನ್ನು ಊರಿಗೆ ಕರೆಸಿಕೋ. ನೀನು ಹೇಳಿದರೆ ಬರುತ್ತಾನೆ.

ಭಾಗ್ಯಾ


ಹಿರೇಬಾವಿ
17 ನವೆಂಬರ್ 2025

ಭಾಗ್ಯಾ,

ಅಂವನ್ನ ಕರಿಸ್ಕೊಳ್ಳೂದಿಲ್ಲ. ಈ ಕಾಗದ ತಗೊಂಡು ಶೆಡ್ಡಿಗೆ ಹೋಗಿ, ನಿಂತು, ಅಂವಗ ಓದಿ ಹೇಳು. ಇಲ್ಲಿಂದ ಮುಂದಿಂದು ಅಂವಗ ಬರದದ್ದು.

ಏನ್ರೀ, ಶಾಣ್ಯಾ ಆಗೀರೇನು? ಮಗಳ ಮನೀದು ಅಂತ ಏಳು ವರ್ಷ ಉಣ್ಣಲಿಲ್ಲ. ಈಗ ಮಗಳಽ ಅಲ್ಲ ಅಂತ ಬರಕೊಟ್ಟು, ಅದಕ್ಕೂ ಉಣ್ಣಂಗಿಲ್ಲ ಅಂತೀರಿ. ಅಪ್ಪ ಅಂತಾನೂ ಉಣ್ಣಂಗಿಲ್ಲ, ಅಪ್ಪ ಅಲ್ಲ ಅಂತಾನೂ ಉಣ್ಣಂಗಿಲ್ಲ. ಎರಡರಾಗ ಒಂದು ಹೇಳ್ರಿ. ಆಕಿ ನಿಮ್ಮ ಮಗಳು ಅಲ್ಲಂದ್ರ ಅದು ಮಂದಿ ಮನಿ. ಮಂದಿ ಮನ್ಯಾಗ ಕರದು ನೀಡಿದ್ರ ಉಣ್ಣಬಾರದು ಅಂತ ಯಾವ ಹಿರ್ಯಾನೂ ಹೇಳಿಲ್ಲ. ಸುಮ್ಮನ ಹೋಗಿ ಉಣ್ರಿ. ಆಕಿ ನಿಮ್ಮ ಮಗಳು ಅಂದ್ರ, ಒಂದು ತಿಂಗಳಿಂದ ಆಕಿಗೆ ಅಳಸಲಾಕತ್ತೀರಲ್ಲ, ಅದಕ್ಕರ ಹೋಗಿ ಉಣ್ರಿ.

ಇನ್ನ ಭಾಗ್ಯಾ, ಇದು ನಿನಗ. ಅಂವಗ ಓದಬ್ಯಾಡ, ಓದಿದ್ರೂ ನಡೀತದ. ನಿನ್ನ ಮದುವ್ಯಾದ ವರ್ಷಾನೇ ನಿಮ್ಮಪ್ಪ ನಿನ್ನ ಮನ್ಯಾಗ ಉಣ್ಣಾಕ ಕುಂತಿದ್ದ. ನಾನಽ ಕಣ್ಣು ಮಾಡಿ ಎಬ್ಬಿಸಿದೆ. ನೀವು ಉಂಡ್ರ ಆಕಿ ಹೊಟ್ಟಿ ತುಂಬಂಗಿಲ್ಲ, ಕೂಸು ಆಗಂಗಿಲ್ಲ ಅಂತ ಅಂವಗ ಅಂಜಿಕಿ ಹಾಕಿದೆ. ಅಂವ ನಿನ್ನ ಸಲುವಾಗಿ ಹೆದರಿ ಬಾಯಿ ಕಟ್ಟಿದ, ಬ್ಯಾರೆ ಏನೂ ಇಲ್ಲ. ಏಳು ವರ್ಷ ಅಂವನೂ ಹಸದ, ನೀನೂ ನೊಂದಿ. ತಪ್ಪು ನಂದು. ಕೂಸು ಆಗಲಿ ಬಿಡಲಿ, ನೀ ನನಗ ಸಾಕು. ಇದನ್ನ ಮೊದಲಽ ಬರೀಬೇಕಾಗಿತ್ತು.

ಅಂವಗ ನೀಡು. ಪಾಪ ಬಂದ್ರ ನನಗ ಬರಲಿ.

ಅವ್ವ


ಖರಾಡಿ, ಪುಣೆ
24 ನವೆಂಬರ್ 2025

ಅವ್ವಾ,

ನಿನ್ನ ಕಾಗದ ಮಧ್ಯಾಹ್ನ ಬಂತು. ಕೇಂದ್ರ ಮುಗಿದ ಮೇಲೆ ಶೆಡ್ಡಿಗೆ ಹೋಗಿ ನಿಂತೇ ಓದಿದೆ. ಎರಡೂ ಭಾಗ ಓದಿದೆ. "ಏನ್ರೀ, ಶಾಣ್ಯಾ ಆಗೀರೇನು" ಎನ್ನುವಲ್ಲಿ ಅಪ್ಪನಿಗೆ ನಗು ಬಂತು. ಕೊನೆಯದನ್ನು ಓದುವಾಗ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಓದಿ ಮುಗಿಸಿದ ಮೇಲೆ, "ಆಫೀಸಿನ್ಯಾಗ ನಾ ಹಂಗ ಅನಬಾರದಿತ್ತು ಭಾಗ್ಯಾ" ಎಂದ. "ನಾನೂ ಸುಮ್ಮನಿರಬಾರದಿತ್ತು ಅಪ್ಪಾ" ಎಂದೆ. ಅಷ್ಟೇ ಮಾತು.

ಸಂಜೆ ಕೆಲಸ ಮುಗಿದ ಮೇಲೆ ಬಂದ. ಅಂಗಡಿಯ ಬಾಗಿಲಿಗಲ್ಲ, ಹಿಂದಿನ ಖೋಲಿಗೆ. ನಿನ್ನ ಅಳಿಯ ಕಾಲಿಗೆ ನೀರು ಕೊಟ್ಟರು. ನಾನು ಜೋಳದ ರೊಟ್ಟಿ ಬಡಿದೆ, ಪುಂಡಿ ಪಲ್ಯ ಮಾಡಿದ್ದೆ. ಮೊದಲ ರೊಟ್ಟಿ ಹಾಕಿದೆ, ಉಂಡ. ಎರಡನೆಯದು ಉಂಡ. ಅಲ್ಲಿಗೆ ಏಳುತ್ತಾನೆ ಎಂದುಕೊಂಡು ನಾನು ಕೈ ತೊಳೆಯಲು ನೀರು ತರಲು ಹೊರಟೆ. ಅಪ್ಪ ತಲೆ ಎತ್ತದೆ, "ಇನ್ನೊಂದು ಹಾಕು" ಎಂದ. ಹಾಕಿದೆ. "ಇನ್ನೊಂದು" ಎಂದ.

ಆರು ರೊಟ್ಟಿ ತಿಂದ ಅವ್ವಾ. ಮೇಲೆ ಎರಡು ಸಲ ಅನ್ನ ಹಾಕಿಸಿಕೊಂಡ. ಜೂನಿನಿಂದ ಅಕ್ಟೋಬರಿನ ತನಕ ದಿನಾ ಮುಂದೆ ನಿಂತು ಹೊಟ್ಟೆ ತುಂಬಿತೇ ಎಂದು ಕೇಳಿದವಳು ನಾನು. ತುಂಬಿತು ಎಂದದ್ದನ್ನು ನಂಬಿ ಅವನ ತಾಟು ತೊಳೆದಿಟ್ಟವಳೂ ನಾನೇ.

ಭಾಗ್ಯಾ